ಕೋವಿಯ ನಳಿಗೆಯ ಶುಚಿ: ಯಾವ ಕೊಳೆಗೆ ಯಾವ ಸಲಕರಣೆ?



ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ದಿನ ಎಷ್ಟೇ ದಣಿವಾಗಿದ್ದರೂ ಪಂಪನ್ನು ತೊಳೆಯದೆ ನೀವು ಊಟಕ್ಕೆ ಕೂಡುವುದಿಲ್ಲ. ತೊಳೆಯದೆ ಬಿಟ್ಟರೆ ಸುಣ್ಣ ಗಟ್ಟಿಯಾಗಿ ಮೂತಿ ಕಟ್ಟುತ್ತದೆ, ಮೈಲುತುತ್ತು ಲೋಹವನ್ನು ತಿನ್ನುತ್ತದೆ ಎಂಬುದನ್ನು ನೀವು ಅನುಭವದಿಂದ ಬಲ್ಲಿರಿ. ಗದ್ದೆಯಿಂದ ಬಂದ ನೇಗಿಲು, ಗುದ್ದಲಿಗಳನ್ನೂ ತೊಳೆದೇ ಮೂಲೆಗೆ ಒರಗಿಸುತ್ತೀರಿ. ಆದರೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಮನೆಯಲ್ಲಿಟ್ಟುಕೊಂಡ ಕೋವಿಯ ವಿಷಯದಲ್ಲಿ ಇದೇ ಎಚ್ಚರ ನಮ್ಮಲ್ಲಿ ಇದೆಯೆ? ರಾತ್ರಿ ಕಾಡುಹಂದಿಯನ್ನು ಬೆದರಿಸಲು ಒಂದು ಈಡು ಹಾರಿಸಿ, ಬಂದು ಕೋವಿಯನ್ನು ಗೂಟಕ್ಕೆ ತೂಗುಹಾಕಿ ಮಲಗಿದರೆ, ಅದರ ನೆನಪು ಮತ್ತೆ ಬರುವುದು ಮುಂದಿನ ಸಲ ಹಂದಿ ಬಂದಾಗಲೇ.

ತೊಳೆಯದ ಪಂಪು ಕೆಟ್ಟರೆ ಹೋಗುವುದು ಹಣ ಮಾತ್ರ. ತೊಳೆಯದ ನಳಿಗೆ ಒಡೆದರೆ ಹೋಗುವುದು ಎಡಗೈಯ ಬೆರಳು, ಕಣ್ಣು, ಒಮ್ಮೊಮ್ಮೆ ಪ್ರಾಣ. ಆದುದರಿಂದ ಈ ಪಾಠವನ್ನು ಕೋವಿ ಇರುವವರು ಪೂರ್ತಿ ಓದಿರಿ; ಓದಲು ಬಾರದ ಹಿರಿಯರಿಗೆ ಮನೆಯವರು ಓದಿ ಹೇಳಿರಿ.

ಪಾಠದ ಸಾರ ಇಷ್ಟೇ. ನಳಿಗೆಯ ಒಳಗಿನ ಕೊಳೆ ಯಾವ ಬಗೆಯದೆಂದು ಮೊದಲು ತಿಳಿಯಬೇಕು. ಆಮೇಲೆ ಅದಕ್ಕೆ ತಕ್ಕ ಸಲಕರಣೆ ಹಿಡಿಯಬೇಕು. ಉಪ್ಪಿನ ಕೊಳೆಗೆ ನೀರು. ಸೀಸ, ತಾಮ್ರದ ಕೊಳೆಗೆ ದ್ರಾವಕ ಮತ್ತು ಕಂಚಿನ ಬ್ರಷ್. ಎಣ್ಣೆಯು ಕಾಯುತ್ತದೆ, ಆದರೆ ತೊಳೆಯುವುದಿಲ್ಲ. ಈ ಮೂರನ್ನು ಕಲಸಿಬಿಡುವುದರಿಂದಲೇ ಒಳ್ಳೆಯ ಕೋವಿಗಳು ಕೆಡುತ್ತವೆ.

ಎಲ್ಲಕ್ಕೂ ಮೊದಲು: ಕೋವಿ ಖಾಲಿಯೆ?

ಕೋವಿ ಒರಸುವಾಗ ಗುಂಡು ಹಾರಿತು ಎಂಬ ಸುದ್ದಿಯನ್ನು ನೀವೂ ಕೇಳಿರುವಿರಿ. ಆ ಕೋವಿಯನ್ನು ಹಿಡಿದಿದ್ದವರೆಲ್ಲ ಅದು ಖಾಲಿ ಎಂದೇ ನಂಬಿದ್ದರು. ಕೋವಿಯ ಮಟ್ಟಿಗೆ ನಂಬಿಕೆ ಸಾಲದು, ಕಣ್ಣಿನಿಂದ ನೋಡಬೇಕು. ನಿನ್ನೆ ನೀವೇ ಖಾಲಿ ಮಾಡಿ ಇಟ್ಟಿದ್ದರೂ ಇಂದು ಮತ್ತೆ ನೋಡಬೇಕು.

ತೋಟಾ ಹಾಕುವ ಕೋವಿಯಾದರೆ ಕೆಲಸ ಸುಲಭ. ಮೂತಿಯನ್ನು ಜನ, ದನ, ಮನೆ ಇಲ್ಲದ ಕಡೆಗೆ ತಿರುಗಿಸಿ, ಟ್ರಿಗರ್ ಮುಟ್ಟದೆ ಕೋವಿಯನ್ನು ಮಡಿಚಿ ತೆರೆಯಿರಿ. ತೋಟಾ ಇದ್ದರೆ ಹೊರಗೆ ತೆಗೆದು ಬೇರೆ ಕೋಣೆಯಲ್ಲಿಡಿರಿ. ಶುಚಿ ಮಾಡುವ ಜಾಗದಲ್ಲಿ ಒಂದು ತೋಟಾ ಕೂಡ ಇರಕೂಡದು.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ತೆರೆದು ನೋಡುವಂತಿಲ್ಲ. ಅದಕ್ಕೆ ಗಜವೇ ಸಾಕ್ಷಿ. ಮೊದಲು ಕೇಪನ್ನು ತೆಗೆದುಹಾಕಿರಿ. ಮುಖವನ್ನಾಗಲಿ ಅಂಗೈಯನ್ನಾಗಲಿ ನಳಿಗೆಯ ಬಾಯಿಯ ಮೇಲೆ ತಾರದೆ, ಗಜವನ್ನು ಪಕ್ಕದಿಂದ ಹಿಡಿದು ನಿಧಾನವಾಗಿ ಒಳಗೆ ಬಿಡಿರಿ. ಅದು ತಳಕ್ಕೆ ತಾಗಿದಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಉಗುರಿನಿಂದ ಗುರುತು ಹಿಡಿದು ಹೊರಗೆ ತೆಗೆಯಿರಿ. ಆ ಗುರುತನ್ನು ಬಾಯಿಗೆ ಸರಿಯಾಗಿ ಹೊಂದಿಸಿ, ಗಜವನ್ನು ನಳಿಗೆಯ ಹೊರಮೈಗೆ ಒತ್ತಿ ಅಳೆಯಿರಿ. ಗಜದ ತುದಿ ಕೇಪು ಕೂರಿಸುವ ನಿಪ್ಪಲ್ಲಿನ ಬುಡದವರೆಗೆ ಬಂದರೆ ನಳಿಗೆ ಖಾಲಿ. ಎರಡು ಮೂರು ಅಂಗುಲ ಹಿಂದೆಯೇ ನಿಂತರೆ ಒಳಗೆ ಮದ್ದು ಗುಂಡು ಇದೆ, ಇಲ್ಲವೆ ಬೇರೇನೋ ಅಡ್ಡಿ ಇದೆ.

ಒಮ್ಮೆ ಖಚಿತವಾಗಿ ಖಾಲಿ ಇರುವಾಗ ಗಜವನ್ನು ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೀರು ಹಾಕಿಟ್ಟುಕೊಳ್ಳಿರಿ. ಮುಂದೆ ಪ್ರತಿ ಸಲವೂ ಆ ಗೀರೇ ನಿಮಗೆ ಉತ್ತರ ಹೇಳುತ್ತದೆ. ಗೀರು ಬಾಯಿಯಿಂದ ಮೇಲೆ ನಿಂತರೆ ಶುಚಿಯ ಮಾತು ಬಿಡಿರಿ. ಒಳಗಿನ ಮದ್ದನ್ನು ಕೆದಕಿ ತೆಗೆಯಲು ಹೋಗಬೇಡಿರಿ; ಹಿತ್ತಲಿನಲ್ಲಿ ಹಾರಿಸಿ ಖಾಲಿ ಮಾಡುವ ಯೋಚನೆಯೂ ಬೇಡ. ಎಷ್ಟು ದಿನದ ಮದ್ದೋ, ಎಷ್ಟು ಸಲ ತುಂಬಿದ್ದೋ ಯಾರಿಗೆ ಗೊತ್ತು? ಪರವಾನಗಿ ಇರುವ ಕೋವಿ ದುರಸ್ತಿಗಾರರಿಗೆ ಮೊದಲೇ ವಿಷಯ ತಿಳಿಸಿ, ಅವರು ಹೇಳಿದಂತೆ ನಡೆಯಿರಿ.

ಕೊಳೆಯಲ್ಲಿ ಮೂರು ಬಗೆ

ಮೊದಲನೆಯದು ಉಪ್ಪಿನ ಕೊಳೆ. ಕರಿಮದ್ದಿನಲ್ಲಿ ಇರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಇದು ಉರಿದಾಗ ಪೂರ್ತಿ ಗಾಳಿಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನ ಪದಾರ್ಥವಾಗಿ ಹೊಗೆಯಲ್ಲೂ ನಳಿಗೆಯ ಗೋಡೆಯಲ್ಲೂ ಉಳಿಯುತ್ತದೆ. ಈ ಕಪ್ಪು ಮಸಿ ಬರಿಯ ಮಸಿಯಲ್ಲ, ಅದರಲ್ಲಿ ಲವಣಗಳು ಸೇರಿವೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ತಾನಾಗಿಯೇ ಒದ್ದೆಯಾಗುವುದನ್ನು ನೀವು ಕಂಡಿದ್ದೀರಿ. ನಳಿಗೆಯ ಒಳಗಿನ ಲವಣವೂ ಹಾಗೆಯೇ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣಕ್ಕೆ ಅಂಟಿಕೊಂಡು ಕೂಡುತ್ತದೆ. ಬೆಳಗಾಗುವುದರೊಳಗೆ ತುಕ್ಕು ಮೊಳೆಯಲು ಇಷ್ಟೇ ಸಾಕು. ಹಳೆಯ ಬಗೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಎಂಬ ಪದಾರ್ಥ ಇರುತ್ತದೆ. ಅದು ಸಿಡಿದ ಮೇಲೆ ಉಳಿಯುವುದೂ ಅಡಿಗೆ ಉಪ್ಪಿನ ದಾಯಾದಿಯೇ.

ಎರಡನೆಯದು ಲೋಹದ ಕೊಳೆ. ಸೀಸದ ಚರೆಯಾಗಲಿ ಗುಂಡಾಗಲಿ ನಳಿಗೆಯೊಳಗೆ ಉಜ್ಜಿಕೊಂಡು ಹೋಗುವಾಗ ಸೀಸವನ್ನು ಬಳಿದು ಹೋಗುತ್ತದೆ. ತಾಮ್ರದ ಹೊದಿಕೆಯ ಗುಂಡು ಹಾರಿಸುವ ರೈಫಲ್ಲಿನಲ್ಲಿ ತಾಮ್ರ ಅಂಟುತ್ತದೆ. ಈಗಿನ ತೋಟಾಗಳಲ್ಲಿ ಪ್ಲಾಸ್ಟಿಕ್ ಬಟ್ಟಲು ಇರುವುದರಿಂದ ಪ್ಲಾಸ್ಟಿಕ್ಕಿನ ತೆಳು ಪೊರೆಯೂ ಕೂಡುತ್ತದೆ. ಇವು ನೀರಿಗೆ ಜಗ್ಗುವುದಿಲ್ಲ.

ಮೂರನೆಯದು ನಾವೇ ತುಂಬಿದ ಕೊಳೆ: ಹಳೆಯ ಎಣ್ಣೆಯ ಜಿಡ್ಡು, ಧೂಳು, ಬಟ್ಟೆಯ ಎಳೆ. ಒಂದು ವರ್ಷದ ಎಣ್ಣೆಯ ಮೇಲೆ ಮತ್ತೊಂದು ವರ್ಷದ ಎಣ್ಣೆ ಬಳಿಯುತ್ತಾ ಹೋದರೆ ಅದು ಅಂಟಾಗಿ ಮರಳನ್ನು ಹಿಡಿದುಕೊಳ್ಳುತ್ತದೆ.

ಈಗ ಒಂದು ಮಾತನ್ನು ಗಮನಿಸಿರಿ. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಕರಿಮದ್ದು ಹಾರಿಸಿದ ನಳಿಗೆಗೆ ನೇರವಾಗಿ ಎಣ್ಣೆ ಬಳಿದರೆ ಉಪ್ಪಿನ ಮೇಲೆ ಹೊದಿಕೆ ಹೊದಿಸಿದಂತೆ ಆಗುತ್ತದೆ. ಮೇಲೆ ಮಿರಮಿರ ಮಿಂಚುತ್ತದೆ, ಕೆಳಗೆ ತುಕ್ಕು ತಿನ್ನುತ್ತದೆ. ‘ಕಬ್ಬಿಣಕ್ಕೆ ನೀರು ಸೋಕಿಸಬಾರದು’ ಎಂದು ಹಿರಿಯರು ಹೇಳುವ ಮಾತು ಬೇರೆ ಕೆಲಸಕ್ಕೆ ಸರಿ. ಇಲ್ಲಿ ಮಾತ್ರ ನೀರೇ ಔಷಧ. ಆದರೆ ಆ ನೀರನ್ನು ಪೂರ್ತಿ ಒಣಗಿಸುವ ಜವಾಬ್ದಾರಿ ನಿಮ್ಮದು.

ಸಲಕರಣೆಗಳನ್ನು ಆರಿಸುವ ಬಗೆ

ಗಜ: ತುಂಡು ತುಂಡಾಗಿ ತಿರುಪು ಹಾಕಿ ಜೋಡಿಸುವ ಗಜಕ್ಕಿಂತ ಒಂದೇ ಉದ್ದದ ಗಜ ಉತ್ತಮ. ಜೋಡಣೆಯ ಅಂಚು ನಳಿಗೆಯ ಒಳಮೈಯನ್ನು ಗೀರುತ್ತದೆ. ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಗಜ ಅಥವಾ ಹಿತ್ತಾಳೆಯ ಗಜ ಒಳ್ಳೆಯದು. ಅಲ್ಯೂಮಿನಿಯಂ, ಮರ ಇವು ಮೆದುವಾದುದರಿಂದ ಮರಳಿನ ಕಣ ಅವುಗಳಲ್ಲಿ ನಾಟಿಕೊಳ್ಳುತ್ತದೆ. ಆಗ ಗಜವೇ ಅರವಾಗುತ್ತದೆ. ಯಾವ ಗಜವಾದರೂ ಸರಿ, ಪ್ರತಿ ಸಲ ಹೊರಗೆ ಬಂದಾಗ ಬಟ್ಟೆಯಿಂದ ಒರಸಿಯೇ ಮತ್ತೆ ಒಳಗೆ ಬಿಡತಕ್ಕದ್ದು. ಮನೆಯ ಕಬ್ಬಿಣದ ಸರಳು, ಕೊಡೆಯ ಕಡ್ಡಿ, ಬೇಲಿಯ ತಂತಿ ಇವನ್ನು ಮುಟ್ಟಲೇಬೇಡಿರಿ.

ಬ್ರಷ್: ಕಂಚಿನ ತಂತಿಯ ಬ್ರಷ್ಷನ್ನು ಕೊಳ್ಳಿರಿ. ಕಂಚು ಉಕ್ಕಿಗಿಂತ ಮೆದು. ಕೊಳೆಯನ್ನು ಕೆರೆಯುತ್ತದೆ, ನಳಿಗೆಯನ್ನು ಕೆರೆಯುವುದಿಲ್ಲ. ಉಕ್ಕಿನ ತಂತಿಯ ಬ್ರಷ್ ಬೇಡ. ಅಳತೆ ಸರಿಯಾಗಿರಬೇಕು. 12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರು; .22 ರೈಫಲ್ಲಿನದು ಸುಮಾರು 5.6 ಮಿಲಿಮೀಟರು. ಒಂದರ ಬ್ರಷ್ ಇನ್ನೊಂದಕ್ಕೆ ಒದಗುವುದಿಲ್ಲ. ಅಂಗಡಿಯಲ್ಲಿ ಕೋವಿಯ ಬೋರನ್ನು ಹೇಳಿ ಕೇಳಿರಿ.

ಬಟ್ಟೆ: ಹಳೆಯ ಹತ್ತಿಯ ಪಂಚೆ, ಬನಿಯನ್ನು ಒಗೆದು ಒಣಗಿಸಿ ಚೌಕವಾಗಿ ಕತ್ತರಿಸಿಟ್ಟುಕೊಳ್ಳಿರಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ತೇವ ಹೀರುವುದಿಲ್ಲ. ಬಟ್ಟೆ ಬಿಗಿಯಾಗಿರಬೇಕು, ಆದರೆ ಗುದ್ದಿ ತುರುಕುವಷ್ಟು ದಪ್ಪವಿರಬಾರದು. ಒಳಗೆ ಸಿಕ್ಕಿಕೊಂಡ ಚಿಂದಿಯನ್ನು ತೆಗೆಯುವುದು ದೊಡ್ಡ ರಗಳೆ.

ಎಣ್ಣೆ: ಕೋವಿಗೆಂದೇ ಮಾರುವ ತೆಳು ಎಣ್ಣೆ ಉತ್ತಮ. ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಷ್ಯ ಮಾಸದ ಬೆಳಗ್ಗೆ ಸ್ನಾನಕ್ಕೆ ಮೊದಲು ಬಾಟಲಿಯನ್ನು ಬಿಸಿಲಿಗಿಡುವ ನಿಮಗೆ ಇದನ್ನು ಹೇಳಬೇಕಾಗಿಲ್ಲ. ಅಡಿಗೆಯ ಎಣ್ಣೆಗಳು ಕಾಲಕ್ರಮದಲ್ಲಿ ಅಂಟಾಗುತ್ತವೆ. ವಾಹನದಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯಲ್ಲಿ ಆಮ್ಲವೂ ಮಸಿಯೂ ಇರುತ್ತವೆ. ಸೀಮೆಎಣ್ಣೆ ಜಿಡ್ಡನ್ನು ಬಿಡಿಸುತ್ತದೆ, ಆದರೆ ಆರಿಹೋಗುತ್ತದೆ. ಅದನ್ನೇ ಬಳಿದು ಇಟ್ಟರೆ ನಳಿಗೆಗೆ ರಕ್ಷಣೆ ಇಲ್ಲ. ಪೆಟ್ರೋಲನ್ನು ಹತ್ತಿರವೂ ತರಬೇಡಿರಿ.

ಇನ್ನೂ ಕೆಲವು ‘ಬೇಡ’ಗಳಿವೆ. ಪಾತ್ರೆ ಬೆಳಗುವ ಬೂದಿ, ಇಟ್ಟಿಗೆಯ ಪುಡಿ, ಮರಳು ಕಾಗದ ಇವೆಲ್ಲ ಉಕ್ಕನ್ನು ಸವೆಸುತ್ತವೆ. ಹುಣಸೆಹಣ್ಣು, ನಿಂಬೆಹುಳಿ ಹಿತ್ತಾಳೆಯ ಕೊಡವನ್ನು ಥಳಥಳಿಸಬಹುದು; ಕೋವಿಯ ಮೇಲೆ ಹಾಕಿದರೆ ಅದರ ಕಪ್ಪು ಬಣ್ಣ ಹೋಗಿ, ಬರಿಮೈಯಾದ ಉಕ್ಕಿಗೆ ತುಕ್ಕು ಬೇಗ ಹತ್ತುತ್ತದೆ.

ಕೇಪಿನ ಕೋವಿಯನ್ನು ತೊಳೆಯುವ ಕ್ರಮ

ಈಡು ಹಾರಿಸಿದ ದಿನವೇ ತೊಳೆಯಿರಿ. ರಾತ್ರಿಯಾದರೆ ಮರುದಿನ ಬೆಳಗ್ಗೆ ಎದ್ದೊಡನೆ ಮೊದಲ ಕೆಲಸ ಅದೇ ಆಗಲಿ. ಹಗಲು ಬೆಳಕಿನಲ್ಲಿ, ಒಲೆಯಿಂದಲೂ ಮಕ್ಕಳಿಂದಲೂ ದೂರ ಕುಳಿತುಕೊಳ್ಳಿರಿ.

1. ಮೇಲೆ ಹೇಳಿದಂತೆ ಗಜದಿಂದ ಅಳೆದು ಖಾಲಿ ಎಂದು ಖಚಿತ ಮಾಡಿಕೊಳ್ಳಿರಿ.

2. ನಿಪ್ಪಲ್ ಬಿಚ್ಚುವ ಸರಿಯಾದ ಚಾವಿ ಇದ್ದರೆ ಬಿಚ್ಚಿ, ಸಾಬೂನು ನೀರಿನಲ್ಲಿ ನೆನೆಹಾಕಿರಿ. ಚಾವಿ ಇಲ್ಲದಿದ್ದರೆ ಇಕ್ಕಳ ಹಾಕಿ ತಿರುಚಬೇಡಿರಿ, ಹಾಗೆಯೇ ಬಿಡಿರಿ. ನಿಪ್ಪಲ್ಲಿಗೆ ಒಂದು ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಬಕೆಟ್ಟಿಗೆ ಬಿಟ್ಟರೆ ಕೊಳೆನೀರು ಮರದ ಹಿಡಿಯ ಮೇಲೆ ಹರಿಯುವುದಿಲ್ಲ.

3. ಒಂದೆರಡು ಲೀಟರು ಉಗುರುಬೆಚ್ಚಗಿನ ಸಾಬೂನು ನೀರನ್ನು ಸ್ವಲ್ಪ ಸ್ವಲ್ಪವಾಗಿ ನಳಿಗೆಯ ಬಾಯಿಂದ ಹೊಯ್ಯಿರಿ. ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿರಿ. ಮೊದಲು ಇದ್ದಿಲಿನಂತೆ ಕರಿನೀರು ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ; ಅದು ಗಂಧಕದ್ದು. ಬಟ್ಟೆಯನ್ನು ಬದಲಿಸುತ್ತಾ ನೀರು ತಿಳಿಯಾಗುವವರೆಗೆ ಮಾಡಿರಿ.

4. ಇನ್ನು ಎರಡು ಲೀಟರು ಕುದಿಯುವ ಬರಿನೀರನ್ನು ಹೊಯ್ಯಿರಿ. ನಳಿಗೆ ಸುಡುವಷ್ಟು ಬಿಸಿಯಾಗುತ್ತದೆ. ದಪ್ಪ ಬಟ್ಟೆಯಿಂದ ಹಿಡಿದುಕೊಳ್ಳಿರಿ. ಈ ಬಿಸಿಯೇ ನಿಮ್ಮ ಸಹಾಯಕ. ಬಿಸಿಯಾದ ಕಬ್ಬಿಣ ತನ್ನ ಒಳಗಿನ ತೇವವನ್ನು ತಾನೇ ಆರಿಸಿಕೊಳ್ಳುತ್ತದೆ. ತಣ್ಣೀರಿನಲ್ಲಿ ಜಾಲಾಡಿಸಿದರೆ ಈ ಲಾಭವಿಲ್ಲ.

5. ಒಣ ಬಟ್ಟೆಗಳನ್ನು ಒಂದಾದ ಮೇಲೊಂದು ಆಡಿಸಿರಿ. ಕೊನೆಯ ಬಟ್ಟೆ ಹೋದಷ್ಟೇ ಒಣಗಿ ಹೊರಗೆ ಬರಬೇಕು. ನಿಪ್ಪಲ್ಲಿನ ತೂತನ್ನು ಬೆಳಕಿಗೆ ಹಿಡಿದು ನೋಡಿರಿ.

6. ನಳಿಗೆ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆಯ ಬಟ್ಟೆಯನ್ನು ಒಮ್ಮೆ ಆಡಿಸಿರಿ. ಎಣ್ಣೆ ಹನಿಯುವಂತಿರಬಾರದು, ಮೆತ್ತಿದ ಹಾಗೆ ಇರಬೇಕು.

7. ಮರುದಿನ ಒಂದು ಬಿಳಿಯ ಬಟ್ಟೆಯನ್ನು ಒಳಗೆ ಬಿಟ್ಟು ತೆಗೆಯಿರಿ. ಕೆಂಪುಗಂದು ಬಣ್ಣ ಬಂದರೆ ಉಪ್ಪು ಉಳಿದಿದೆ ಎಂದರ್ಥ. ಸೋಮಾರಿತನ ಮಾಡದೆ ಇನ್ನೊಮ್ಮೆ ತೊಳೆಯಿರಿ.

ಮುಂದೆ ಮದ್ದು ತುಂಬುವ ಮೊದಲು ಈ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ಒರಸಿ ತೆಗೆಯತಕ್ಕದ್ದು. ಎಣ್ಣೆ ತಾಗಿದ ಮದ್ದು ಹೊತ್ತಿಕೊಳ್ಳದೆ ಹೋಗಬಹುದು, ತಡವಾಗಿಯೂ ಹೊತ್ತಬಹುದು. ಕೇಪು ಸಿಡಿದು ಈಡು ಹಾರದಿದ್ದರೆ ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದುಕೊಂಡೇ ಕನಿಷ್ಠ ಒಂದು ನಿಮಿಷ ಕಾಯಿರಿ. ‘ಏನಾಯಿತು’ ಎಂದು ಬಾಯಿಯಲ್ಲಿ ಇಣುಕಿದವರು ಎರಡನೆಯ ಸಲ ಇಣುಕಿಲ್ಲ.

ತೋಟಾ ಕೋವಿಯ ಕ್ರಮ

ಒಂಟಿ ನಳಿಗೆಯಾಗಲಿ ಜೋಡಿ ನಳಿಗೆಯಾಗಲಿ, ಬಿಚ್ಚಿ ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿದು ಎರಡು ತುದಿಗಳಿಂದಲೂ ನೋಡಿರಿ. ಸೀಸ ಅಂಟಿದ್ದರೆ ಮಂಕಾದ ಬೂದು ಗೆರೆಗಳು ಕಾಣುತ್ತವೆ. ಹೆಚ್ಚಾಗಿ ತೋಟಾ ಕೂಡುವ ಜಾಗದ ಮುಂದೆ ಮತ್ತು ಬಾಯಿಯ ಹತ್ತಿರ.

ಕೋವಿ ಶುಚಿಗೆಂದು ಮಾರುವ ದ್ರಾವಕವನ್ನು ಬಟ್ಟೆಗೆ ಹಚ್ಚಿ ಹಿಂಬದಿಯಿಂದ ಬಾಯಿಯ ಕಡೆಗೆ ತಳ್ಳಿರಿ. ಹತ್ತು ನಿಮಿಷ ಬಿಡಿರಿ. ನೆನೆಯದ ಬಟ್ಟೆಯನ್ನು ಎಷ್ಟು ಕುಕ್ಕಿದರೂ ಕೊಳೆ ಬಿಡದು ಎಂಬುದು ಅಗಸರಿಗೆ ಗೊತ್ತಿರುವ ಪಾಠ. ಆಮೇಲೆ ಕಂಚಿನ ಬ್ರಷ್ಷನ್ನು ಎಂಟು ಹತ್ತು ಸಲ ಪೂರ್ತಿ ಉದ್ದಕ್ಕೆ ಆಡಿಸಿರಿ. ಬ್ರಷ್ ಒಳಗಿರುವಾಗಲೇ ದಿಕ್ಕು ಬದಲಿಸಬೇಡಿರಿ. ಬಾಯಿಂದ ಹೊರಗೆ ಬಂದ ಮೇಲೆಯೇ ಹಿಂದಕ್ಕೆ ಎಳೆಯಿರಿ. ಬಟ್ಟೆ ಬಿಳಿಯಾಗಿ ಬರುವವರೆಗೆ ಒರಸಿ, ಎಣ್ಣೆಯ ತೆಳು ಲೇಪ ಕೊಡಿರಿ. ತೋಟಾ ಕೂಡುವ ಜಾಗವನ್ನು ಮರೆಯಬೇಡಿರಿ. ಅಲ್ಲಿ ಕೊಳೆ ನಿಂತರೆ ಹಾರಿಸಿದ ತೋಟಾ ಹೊರಗೆ ಬಾರದೆ ಕಚ್ಚಿಕೊಳ್ಳುತ್ತದೆ.

ಇದೆಲ್ಲ ಆದ ಮೇಲೆ ಸೀಸ ತಾಗಿದ ಕೈಗಳನ್ನು ಸಾಬೂನಿನಿಂದ ತೊಳೆಯದೆ ಎಲೆಅಡಿಕೆ ಮುಟ್ಟಬೇಡಿರಿ. ದ್ರಾವಕ ಹೀರಿದ ಚಿಂದಿಗಳನ್ನು ಒಲೆಯ ಬಳಿ ಗುಡ್ಡೆ ಹಾಕಬೇಡಿರಿ.

ರೈಫಲ್ ನಳಿಗೆ: ಅವಸರಕ್ಕೆ ಇಲ್ಲಿ ಜಾಗವಿಲ್ಲ

ರೈಫಲ್ಲಿನ ನಳಿಗೆಯ ಒಳಮೈ ನುಣ್ಣಗಿರುವುದಿಲ್ಲ. ಅದರಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹಿಸುತ್ತವೆ. ಗುಂಡು ಕೊನೆಯದಾಗಿ ಸ್ಪರ್ಶಿಸುವುದು ನಳಿಗೆಯ ಬಾಯಿಯ ಅಂಚನ್ನು. ಆ ಅಂಚು ಒಂದು ಕಡೆ ಸವೆದರೂ ಗುಂಡು ಗುರಿ ತಪ್ಪುತ್ತದೆ. ಗುರಿ ತಪ್ಪಿದ ರೈಫಲ್ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು. ಆಚೆ ಯಾರ ತೋಟವಿದೆಯೋ, ಯಾರ ಮನೆಯಿದೆಯೋ!

ಆದುದರಿಂದ ಸಾಧ್ಯವಿದ್ದ ಕಡೆಯೆಲ್ಲ ಗಜವನ್ನು ಹಿಂಬದಿಯಿಂದಲೇ ಬಿಡಿರಿ. ಹಿಡಿ ತಾನಾಗಿ ತಿರುಗುವ ಗಜವನ್ನು ಆರಿಸಿಕೊಳ್ಳಿರಿ. ಬಟ್ಟೆಯೂ ಬ್ರಷ್ಷೂ ಸುರುಳಿ ಗೀರನ್ನು ಅನುಸರಿಸಿ ತಿರುಗಬೇಕು. ಹಿಂಬದಿಯಿಂದ ಬಿಡಲಾಗದ ರಚನೆಯಾದರೆ, ಗಜವನ್ನು ಬಾಯಿಯ ನಡುವೆ ಹಿಡಿದಿಡುವ ಹಿತ್ತಾಳೆಯ ಬಿರಡೆ ಬಳಸಿರಿ.

ಬಟ್ಟೆಯ ಮೇಲೆ ಮೈಲುತುತ್ತಿನ ಬಣ್ಣ ಬಂದರೆ ತಾಮ್ರ ಕರಗುತ್ತಿದೆ ಎಂದು ತಿಳಿಯಿರಿ. ತಾಮ್ರ ಕರಗಿಸುವ ದ್ರಾವಕಗಳಲ್ಲಿ ಬಹುಮಟ್ಟಿಗೆ ಅಮೋನಿಯಾ ಇರುತ್ತದೆ. ಬಾಟಲಿಯ ಮೇಲೆ ಹೇಳಿದ ಹೊತ್ತಿಗಿಂತ ಹೆಚ್ಚು ಅದನ್ನು ನಳಿಗೆಯಲ್ಲಿ ಬಿಡಕೂಡದು. ರಾತ್ರಿಯಿಡೀ ಅಂತೂ ಬೇಡ. ಕಂಚಿನಲ್ಲಿಯೂ ತಾಮ್ರವಿರುವುದರಿಂದ ಅದು ನಿಮ್ಮ ಬ್ರಷ್ಷನ್ನೂ ತಿನ್ನುತ್ತದೆ. ಕೆಲಸ ಮುಗಿದೊಡನೆ ಬ್ರಷ್ಷನ್ನು ತೊಳೆದಿಡಿರಿ.

ನಿಮ್ಮ ಊರಿನಲ್ಲಿ ಸೈನ್ಯದಿಂದ ನಿವೃತ್ತರಾದ ಹಿರಿಯರಿದ್ದರೆ ‘ಪುಲ್‌ಥ್ರೂ’ ಎಂಬ ಹಗ್ಗದ ಬಗ್ಗೆ ಕೇಳಿ ನೋಡಿರಿ. ಎರಡು ಮಹಾಯುದ್ಧಗಳಲ್ಲಿ .303 ಲೀ-ಎನ್‌ಫೀಲ್ಡ್ ರೈಫಲ್ ಹಿಡಿದ ಸಿಪಾಯಿಯ ಬಳಿ ಹಿತ್ತಾಳೆಯ ತೂಕ ಕಟ್ಟಿದ ಹಗ್ಗ, 4 ಅಂಗುಲ ಉದ್ದ 2 ಅಂಗುಲ ಅಗಲದ ಫ್ಲಾನಲ್ ಚೂರು, ಒಂದು ಪುಟ್ಟ ಎಣ್ಣೆಯ ಶೀಶೆ ಇರುತ್ತಿದ್ದವು. ಹಗ್ಗವನ್ನೂ ಶೀಶೆಯನ್ನೂ ರೈಫಲ್ಲಿನ ಹಿಡಿಯೊಳಗಿನ ಗೂಡಿನಲ್ಲೇ ಇಡುತ್ತಿದ್ದರು. ಅಂದಿನ ತೋಟಾಗಳ ಕೇಪು ಉಪ್ಪನ್ನು ಬಿಡುತ್ತಿದ್ದುದರಿಂದ, ಗುಂಡು ಹಾರಿಸಿದ ಮೇಲೆ ಕುದಿಯುವ ನೀರನ್ನು ನಳಿಗೆಗೆ ಹೊಯ್ಯುವುದೂ ನಿಯಮವಾಗಿತ್ತು. ನಾವು ಕೇಪಿನ ಕೋವಿಗೆ ಹೇಳಿದ ಪಾಠವೇ ಅಲ್ಲವೆ ಇದು? ಆ ಹಗ್ಗ ಇಂದಿಗೂ ಒಳ್ಳೆಯ ಸಲಕರಣೆ. ಆದರೆ ಅದನ್ನು ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದರೆ, ಬಾವಿಯ ಕಲ್ಲಿನ ಮೇಲೆ ಹಗ್ಗ ಗೀರು ಕೊರೆಯುವಂತೆ, ನಳಿಗೆಯ ಬಾಯಿಯ ಮೇಲೂ ಕೊರೆಯುತ್ತದೆ.

ನಳಿಗೆ ಕಟ್ಟಿಕೊಂಡರೆ

ನಳಿಗೆ ಒಡೆಯಲು ದೊಡ್ಡ ಕಾರಣವೇ ಬೇಕಿಲ್ಲ. ಕೆಸರಿನಲ್ಲಿ ಮೂತಿ ಊರಿದಾಗ ಹೊಕ್ಕ ಮಣ್ಣು, ಮರೆತುಬಿಟ್ಟ ಚಿಂದಿ, ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು ಇಷ್ಟೇ ಸಾಕು. ತಿಂಗಳುಗಟ್ಟಲೆ ಗೋಡೆಗೆ ತೂಗುಹಾಕಿದ ಕೋವಿಯ ಬಾಯಿ ಆ ಹುಳುವಿಗೆ ತಕ್ಕ ಮನೆ. ವೇಗವಾಗಿ ಬರುವ ಚರೆ ಈ ಅಡ್ಡಿಗೆ ಬಡಿದೊಡನೆ ಒತ್ತಡ ಆ ಜಾಗದಲ್ಲಿ ಒಮ್ಮೆಲೇ ಏರುತ್ತದೆ. ನಳಿಗೆ ಉಂಗುರದಂತೆ ಉಬ್ಬುತ್ತದೆ ಅಥವಾ ಸೀಳುತ್ತದೆ. ನಿಮ್ಮ ಎಡಗೈ ಇರುವುದು ನಳಿಗೆಯ ಕೆಳಗೇ. ‘ಮೊದಲ ಈಡಿಗೆ ಹಾರಿ ಹೋಗುತ್ತದೆ ಬಿಡು’ ಎಂಬ ಮಾತನ್ನು ಯಾರೂ ಆಡಕೂಡದು.

12 ಬೋರಿನ ಕೋವಿ ಇರುವ ಮನೆಯಲ್ಲಿ 20 ಬೋರಿನ ತೋಟಾ ಇರಲೇಬಾರದು. ಚಿಕ್ಕ ತೋಟಾ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಎಂದುಕೊಂಡು ಹಿಂದಿನಿಂದ ದೊಡ್ಡ ತೋಟಾ ಹಾಕಿ ಹಾರಿಸಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗಾಲ, ಹಬ್ಬ, ಠಾಣೆ

ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂತಹ ಗಾಳಿಯಲ್ಲಿ ಹಾರಿಸದ ಕೋವಿಗೂ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಖಾಲಿ ನಳಿಗೆಯನ್ನು ಒರಸಿ ಎಣ್ಣೆ ಕೊಡಿರಿ. ಚರ್ಮದ ಚೀಲ, ಗೋಣಿ, ಕಂಬಳಿ ತೇವವನ್ನು ಹಿಡಿದಿಡುತ್ತವೆ. ಅದರಲ್ಲಿ ಸುತ್ತಿ ಇಡಬೇಡಿರಿ. ಎಣ್ಣೆ ಕೊಟ್ಟ ಕೋವಿಯನ್ನು ಮೂತಿ ಕೆಳಗಾಗಿ, ಒಂದು ಒಣ ಬಟ್ಟೆಯ ಮೇಲೆ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಮರದ ಹಿಡಿಗೆ ಇಳಿಯುವುದಿಲ್ಲ. ಎಣ್ಣೆ ಕುಡಿದ ಮರ ಮೆದುವಾಗಿ ಬಿರುಕು ಬಿಡುತ್ತದೆ. ಇಡುವ ಜಾಗಕ್ಕೆ ಬೀಗವಿರಲಿ, ತೋಟಾ ಮತ್ತು ಮದ್ದಿಗೆ ಬೇರೆ ಬೀಗವಿರಲಿ.

ಕೊಡಗಿನ ಕೈಲ್‌ಪೊಳ್ದ್ ಹಬ್ಬ ಸೆಪ್ಟೆಂಬರ್ ಆರಂಭದಲ್ಲಿ, ನಾಟಿ ಮುಗಿದ ಮೇಲೆ ಬರುತ್ತದೆ. ಕೋವಿ ಕತ್ತಿಗಳನ್ನು ಶುಚಿಮಾಡಿ ಪೂಜಿಸುವ ಹಬ್ಬವದು. ಅರ್ಧ ಮಳೆಗಾಲ ಕಳೆದ ಮೇಲೆ ಆಯುಧಗಳನ್ನು ಒಂದು ದಿನ ಹೊರಗೆ ತೆಗೆದು ನೋಡುವ ಈ ಕಟ್ಟಳೆಯಲ್ಲಿ ಹಿರಿಯರ ಜಾಣ್ಮೆಯಿದೆ. ಅಂದು ನಳಿಗೆಯ ಬಾಯಿಗೆ ತೋಕ್ ಪೂವನ್ನು ಸಿಕ್ಕಿಸುತ್ತಾರೆ. ಹಬ್ಬದ ಸಂತೋಷದಲ್ಲಿ ಒಂದು ಮಾತು ಮರೆಯದಿರಿ: ಪೂಜೆ ಮುಗಿದ ಮೇಲೆ ಆ ಹೂವನ್ನು ತೊಟ್ಟು ಸಹಿತ ತೆಗೆದು, ಗಜ ಬಿಟ್ಟು ನೋಡಿಯೇ ಕೋವಿಯನ್ನು ಒಳಗಿಡಿರಿ. ಆಯುಧಪೂಜೆ ಮಾಡುವ ಇತರ ಕಡೆಯವರೂ ಅಷ್ಟೇ. ಕುಂಕುಮ, ಗಂಧ, ತೀರ್ಥದ ತೇವವನ್ನು ಮರುದಿನ ಒರಸಿ ಎಣ್ಣೆ ಕೊಡಿರಿ.

ಚುನಾವಣೆಯ ಕಾಲದಲ್ಲಿ ಆಜ್ಞೆಯಂತೆ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುವುದುಂಟು. ಕೋವಿ ಅಲ್ಲಿ ವಾರಗಟ್ಟಲೆ ಇರುತ್ತದೆ. ಒಪ್ಪಿಸುವ ಮೊದಲು ತೊಳೆದು, ಒಣಗಿಸಿ, ಎಂದಿಗಿಂತ ತುಸು ಹೆಚ್ಚು ಎಣ್ಣೆ ಕೊಡಿರಿ; ರಸೀತಿ ಪಡೆಯಿರಿ. ಹಿಂದಕ್ಕೆ ತಂದ ದಿನ ಖಾಲಿ ಇದೆಯೆಂದು ನೋಡಿ, ಎಣ್ಣೆ ಒರಸಿ, ನಳಿಗೆಯನ್ನು ಪರೀಕ್ಷಿಸಿರಿ.

ನಿಮ್ಮ ಕೈಯಲ್ಲಿ ಆಗದ ಕೆಲಸ, ಮಾಡಬಾರದ ಕೆಲಸ

ಒಳಮೈಯಲ್ಲಿ ತುಕ್ಕು ಗುಳಿ ಬಿದ್ದಿದ್ದರೆ, ನಳಿಗೆ ಉಬ್ಬಿದ್ದರೆ, ಬಿರುಕು ಕಂಡರೆ ಶುಚಿಯಿಂದ ಸರಿಹೋಗದು. ಹಾರಿಸುವುದನ್ನು ನಿಲ್ಲಿಸಿ ಪರವಾನಗಿ ಇರುವ ದುರಸ್ತಿಗಾರರಿಗೆ ತೋರಿಸಿರಿ. ಬಾಯಿ ಹಾಳಾಯಿತೆಂದು ನಳಿಗೆಯನ್ನು ಗರಗಸದಿಂದ ಕೊಯ್ದು ಗಿಡ್ಡ ಮಾಡುವುದು 1959ರ ಆಯುಧ ಕಾಯಿದೆಯ ಪ್ರಕಾರ ಅಪರಾಧ.

2019ರ ತಿದ್ದುಪಡಿಯ ಮೇಲೆ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ನಿಮ್ಮ ಪುಸ್ತಕದಲ್ಲಿ ಬರೆದ ತಾರೀಖನ್ನು ಇಂದೇ ನೋಡಿಕೊಳ್ಳಿರಿ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಆದರೆ ತುಕ್ಕು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಇನ್ನೊಂದು ಮಾತು: ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೆಳೆಗೆ ಬಿದ್ದ ಪ್ರಾಣಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು.

ನೆನಪಿನ ಪರೀಕ್ಷೆ

ಕೆಳಗಿನ ಪ್ರಶ್ನೆಗಳನ್ನು ಮನೆಯವರೆಲ್ಲ ಕುಳಿತು ಒಬ್ಬರನ್ನೊಬ್ಬರು ಕೇಳಿಕೊಳ್ಳಿರಿ.

1. ಕೇಪಿನ ಕೋವಿ ಖಾಲಿಯೆಂದು ಗಜದಿಂದ ತಿಳಿಯುವುದು ಹೇಗೆ?
2. ಕರಿಮದ್ದಿನ ಕೊಳೆಗೆ ಎಣ್ಣೆಗಿಂತ ಮೊದಲು ನೀರು ಏಕೆ ಬೇಕು?
3. ಕೊನೆಯಲ್ಲಿ ಕುದಿಯುವ ನೀರನ್ನೇ ಏಕೆ ಹೊಯ್ಯಬೇಕು?
4. ರೈಫಲ್ಲಿಗೆ ಗಜವನ್ನು ಯಾವ ಕಡೆಯಿಂದ ಬಿಡಬೇಕು? ಏಕೆ?
5. ನಿಮ್ಮ ಮನೆಯ ಕೋವಿಯ ನಳಿಗೆಯನ್ನು ಕೊನೆಯ ಬಾರಿ ಬೆಳಕಿಗೆ ಹಿಡಿದು ನೋಡಿದ್ದು ಯಾವಾಗ?

ಐದನೆಯ ಪ್ರಶ್ನೆಗೆ ಉತ್ತರ ತಕ್ಷಣ ಹೊಳೆಯದಿದ್ದರೆ ನಾಳೆ ಬೆಳಗ್ಗೆ ಬಿಸಿಲು ಬಂದ ಮೇಲೆ ಮೊದಲ ಕೆಲಸ ಅದೇ ಆಗಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮ ಮನೆಗಳಲ್ಲಿ ನಿಜವಾಗದಿರಲಿ. ಬೆಳೆ ಒಂದು ವರ್ಷ ಹೋದರೆ ಮರುವರ್ಷ ಬೆಳೆಯಬಹುದು. ಕೈ ಹೋದರೆ ಮತ್ತೆ ಬೆಳೆಯುವುದಿಲ್ಲ.